ಹೊಳೆಗೆ ಬಿದ್ದ ಲಿಂಗ

ಪುಣೆ
೧೦ ಆಗಸ್ಟ್ ೧೯೩೭

ಅಕ್ಕ ಗುರುಸಿದ್ದವ್ವನಿಗೆ ಅಂದಾನೆಪ್ಪನ ಶರಣು.

ನಾನು ಕ್ಷೇಮ. ಕಾಲೇಜು ಸುರುವಾಗಿದೆ. ಈ ವರ್ಷ ನನ್ನ ಗಣಿತದ ವರ್ಗಕ್ಕೆ ಬಂದ ಹುಡುಗರಲ್ಲಿ ಅರ್ಧ ಮಂದಿ ವಕೀಲರಾಗುವವರು. ಉಳಿದವರು ಏನಾಗುವುದೆಂದು ಇನ್ನೂ ತೀರ್ಮಾನಿಸಿಲ್ಲ, ಅದಕ್ಕೇ ಗಣಿತಕ್ಕೆ ಬಂದಿದ್ದಾರೆ.

ಒಂದು ಸಂಗತಿ ತಿಳಿಸಬೇಕು. ನಿನ್ನೆ ಶ್ರಾವಣದ ಮೊದಲ ಸೋಮವಾರ. ಬೆಳಿಗ್ಗೆ ಮುಠಾ ಹೊಳೆಗೆ ಸ್ನಾನಕ್ಕೆ ಹೋಗಿದ್ದೆ. ನೀರು ಕೆಂಪಾಗಿ ತುಂಬಿ ಹರಿಯುತ್ತಿತ್ತು. ಮುಳುಗಿ ಎದ್ದಾಗ ಕೊರಳು ಹಗುರಾಯಿತು. ಶಿವದಾರ ಹಳೆಯದಾಗಿತ್ತು, ಹರಿದು ಲಿಂಗ ನೀರಿಗೆ ಬಿದ್ದಿದೆ. ಮತ್ತೆ ಮತ್ತೆ ಮುಳುಗಿ ತಡಕಿದೆ, ಸಿಗಲಿಲ್ಲ. ಕೋಣೆಗೆ ಬಂದು ಊಟ ಮಾಡಿ ವರ್ಗಕ್ಕೆ ಹೋದೆ.

ಊಟ ಮಾಡಿದೆ ಎಂದು ಬೇಕೆಂದೇ ಬರೆದಿದ್ದೇನೆ. ಲಿಂಗ ಕಳೆದುಕೊಂಡವನು ಅದು ಸಿಗುವವರೆಗೆ ಅನ್ನ ಮುಟ್ಟಬಾರದೆಂಬ ನೇಮ ನನಗೆ ಗೊತ್ತಿಲ್ಲದ್ದಲ್ಲ. ಹಸಿವಾಗಿತ್ತು, ಉಂಡೆ.

ಉಂಡ ಮೇಲೆ ಯೋಚಿಸಿದೆ. ನಮ್ಮ ಹಿರಿಯರ ಧೈರ್ಯ ದೊಡ್ಡದು. ಕೊನೆಮೊದಲಿಲ್ಲದ್ದನ್ನು ಅಡಿಕೆಯಷ್ಟು ಕಲ್ಲಿನಲ್ಲಿ ಇಟ್ಟು, ಎಡಗೈಯ ಮೇಲೆ ಕೂರಿಸಿ, ಈಗ ನೋಡು ಎಂದರು. ಗಣಿತದವರಿಗೆ ಆ ಧೈರ್ಯ ಬಂದದ್ದು ತೀರ ಈಚೆಗೆ. ಎರಡು ಸಾವಿರ ವರ್ಷ ಅವರು ಅನಂತವನ್ನು ಕಂಡರೆ ಹಾದಿ ಬಿಟ್ಟು ಸರಿಯುತ್ತಿದ್ದರು. ಎಣಿಸುತ್ತ ಹೋಗಬಹುದು, ಎಣಿಸಿ ಮುಗಿಯಿತೆಂದು ಮಾತ್ರ ಹಿಡಿಯಬಾರದು ಎನ್ನುತ್ತಿದ್ದರು. ನಮ್ಮ ಅಪ್ಪ ಹುಟ್ಟಿದ ಕಾಲಕ್ಕೆ ಜರ್ಮನಿಯಲ್ಲೊಬ್ಬ ಅದನ್ನು ಇಡಿಯಾಗಿ ಎತ್ತಿ ಅಂಗೈ ಮೇಲೆ ಇಟ್ಟುಕೊಂಡ. ಅವನಿಗೆ ತಲೆ ಕೆಟ್ಟಿದೆ ಎಂದರು. ನನ್ನ ಕೆಲಸವೆಲ್ಲ ಅವನ ಹೊಲದಲ್ಲಿ ಕಳೆ ಕೀಳುವುದು.

ಹಾಗೆ ನೋಡಿದರೆ ಕಳೆದದ್ದು ಕಲ್ಲು. ಅದು ಸೂಚಿಸುತ್ತಿದ್ದದ್ದು ಎಲ್ಲಿಗೂ ಹೋಗಿಲ್ಲ. ಈ ಕಾಗದವನ್ನು ಅವ್ವನಿಗೆ ಪೂರ್ತಿ ಓದಿ ಹೇಳು. ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ.

ನಿನ್ನ ತಮ್ಮ
ಅಂದಾನೆಪ್ಪ


ಹಳಿಯಾಳ
೧೪ ಆಗಸ್ಟ್ ೧೯೩೭

ಚಿರಂಜೀವಿ ಅಂದಾನೆಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಬಂತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನೀನು ಹೇಳಿದಂತೆ ಪೂರ್ತಿ ಓದಿದೆ. ಊಟ ಮಾಡಿದ ಸುದ್ದಿಯನ್ನು ಬಿಟ್ಟು ಓದಬೇಕೆಂದು ಹೊಳೆಯುವಷ್ಟರಲ್ಲಿ ಅದು ಬಾಯಿಂದ ಬಂದುಹೋಗಿತ್ತು. ಅವ್ವ ಕೈಯಲ್ಲಿದ್ದ ಹಿಟ್ಟನ್ನು ಪರಾತದಲ್ಲಿ ಇಟ್ಟು ಕೈ ತೊಳೆದುಕೊಂಡಳು. ಆಮೇಲೆ ಗೋಡೆಗೆ ಒರಗಿ ಕುಳಿತು, "ಆ ಜರ್ಮನಿಯಾವನ ಸುದ್ದಿ ಇನ್ನೊಮ್ಮೆ ಓದು" ಅಂದಳು. ಓದಿದೆ. "ಆತಗ ಅವ್ವ ಇದ್ದಳೋ ಇಲ್ಲೋ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ, ನೀನೇ ಬರೆ.

ಇಲ್ಲಿ ಮಳೆ ಬಿಟ್ಟಿಲ್ಲ. ದಾಂಡೇಲಿಯ ದಾರಿ ಕೆಸರಾಗಿ ಕಟ್ಟಿಗೆಯ ಗಾಡಿಗಳು ನಿಂತಿವೆ. ಮನೆಯವರು ಕೆಲಸವಿಲ್ಲದೆ ಮನೆಯಲ್ಲಿದ್ದಾರೆ, ಅದರಿಂದ ನನ್ನ ಕೆಲಸ ಎರಡು ಪಟ್ಟಾಗಿದೆ.

ಅವ್ವನ ಪ್ರಕೃತಿ ಅಷ್ಟು ಸರಿಯಿಲ್ಲ. ಹೆಚ್ಚೇನೂ ಇಲ್ಲ. ನೀನು ಲಿಂಗ ಬಿದ್ದ ಕಡೆ ಮತ್ತೊಮ್ಮೆ ಹುಡುಕಿಸು. ನೀರು ಇಳಿದ ಮೇಲೆ ಮೀನು ಹಿಡಿಯುವವರಿಗೆ ಹೇಳಿದರೆ ಸಿಗಬಹುದು.

ನಾನೊಂದು ಮಾತು ಕೇಳಬೇಕು. ಕೊನೆಯಿಲ್ಲದ್ದರೊಳಗಿಂದ ಒಂದು ಹೋದರೆ ಅದು ಕಡಿಮೆಯಾಯಿತೋ ಇಲ್ಲವೋ? ನಿಮ್ಮ ಗಣಿತದವರು ಏನು ಹೇಳುತ್ತಾರೆ? ತಡ ಮಾಡದೆ ಬರೆ.

ಗುರುಸಿದ್ದವ್ವ


ಪುಣೆ
೧೮ ಆಗಸ್ಟ್ ೧೯೩೭

ಅಕ್ಕನಿಗೆ ಶರಣು.

ನಿನ್ನ ಪ್ರಶ್ನೆ ನೋಡಿ ಬಹಳ ಸಂತೋಷವಾಯಿತು. ನನ್ನ ಬಿ.ಎ. ಹುಡುಗರಲ್ಲಿ ಒಬ್ಬನೂ ಇಂಥದ್ದೊಂದು ಕೇಳಿದವನಲ್ಲ. ಅಪ್ಪ ನಿನ್ನನ್ನು ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಬಾರದಿತ್ತು.

ಉತ್ತರ ಹೇಳುತ್ತೇನೆ. ಹಳಿಯಾಳದ ಸಂತೆಗೆ ಎತ್ತುಗಳು ಬಂದಿವೆ ಎಂದುಕೋ. ಸಾಲಾಗಿ ಗೂಟ ಹುಗಿದಿದ್ದಾರೆ. ಆ ಸಾಲಿಗೆ ಕೊನೆಯೇ ಇಲ್ಲ. ಒಂದೊಂದು ಗೂಟಕ್ಕೆ ಒಂದೊಂದು ಎತ್ತು, ಖಾಲಿ ಗೂಟ ಒಂದೂ ಇಲ್ಲ. ಈಗ ಮೊದಲ ಗೂಟದ ಎತ್ತನ್ನು ಯಾರೋ ಕೊಂಡು ಹೊಡೆದುಕೊಂಡು ಹೋದರು. ನೀನು ಎರಡನೇ ಗೂಟದ ಎತ್ತನ್ನು ಮೊದಲನೆಯದಕ್ಕೆ ಕಟ್ಟು, ಮೂರನೆಯದನ್ನು ಎರಡನೆಯದಕ್ಕೆ, ನಾಲ್ಕನೆಯದನ್ನು ಮೂರನೆಯದಕ್ಕೆ. ಹೀಗೆಯೇ ಸಾಲಿನುದ್ದಕ್ಕೂ. ಈಗ ನೋಡು, ಯಾವ ಗೂಟ ಖಾಲಿ ಇದೆ? ಒಂದೂ ಇಲ್ಲ. ಎತ್ತು ಹೋಗಿದೆ, ಸಂತೆ ಮೊದಲಿನಷ್ಟೇ ಇದೆ. ಕೊನೆಯಿರುವ ಸಂತೆಯಲ್ಲಿ ಇದು ನಡೆಯದು, ಕಟ್ಟಕಡೆಯ ಗೂಟ ಬರಿದಾಗುತ್ತದೆ. ಕೊನೆಯಿಲ್ಲದ್ದಕ್ಕೆ ಕಟ್ಟಕಡೆಯ ಗೂಟವೇ ಇಲ್ಲವಲ್ಲ.

ಆದ್ದರಿಂದ ಒಂದು ಹೋದರೂ, ನೂರು ಹೋದರೂ, ಒಂದು ಬಿಟ್ಟು ಒಂದರಂತೆ ಅರ್ಧಕ್ಕರ್ಧ ಹೋದರೂ ಅದು ಕಡಿಮೆಯಾಗುವುದಿಲ್ಲ. ಇದರಲ್ಲಿ ಚಮತ್ಕಾರವೇನೂ ಇಲ್ಲ. ನಾವು ಎಲ್ಲವನ್ನೂ ಮನೆಯ ಕಾಳಿನ ಹಗೇವಿನಂತೆ ಭಾವಿಸುತ್ತೇವೆ, ತೆಗೆದರೆ ತಗ್ಗುತ್ತದೆ ಎಂದು. ಹಗೇವಿನ ಬುದ್ಧಿ ಹಗೇವಿಗೆ ಸರಿ.

ಜರ್ಮನಿಯವನಿಗೆ ತಾಯಿ ಇದ್ದಳು. ತಾಯಿಯಿಲ್ಲದೆ ಹುಟ್ಟಿದ ಗಣಿತಜ್ಞ ಇನ್ನೂ ಯಾರೂ ಇಲ್ಲ. ಅದರಾಚೆ ನನಗೂ ತಿಳಿಯದು.

ಹೊಳೆಯ ಕಡೆ ಹೋಗಿಲ್ಲ. ಈ ಪ್ರವಾಹದಲ್ಲಿ ಹುಡುಕಿಸುವುದು ವ್ಯರ್ಥ. ಅವ್ವನಿಗೆ ಮಳೆಗಾಲದ ನೆಗಡಿಯಿರಬೇಕು. ಶುಂಠಿಯ ಕಷಾಯ ಮಾಡಿಕೊಡು. ಇಂಥ ಪ್ರಶ್ನೆ ಇನ್ನೂ ಇದ್ದರೆ ಕೇಳು.

ಅಂದಾನೆಪ್ಪ


ಹಳಿಯಾಳ
೨೩ ಆಗಸ್ಟ್ ೧೯೩೭

ಅಂದಾನಿ,

ನೀನು ಎತ್ತುಗಳನ್ನು ಗೂಟದಿಂದ ಗೂಟಕ್ಕೆ ಕಟ್ಟುತ್ತ ಕುಳಿತಿದ್ದೀ. ಇಲ್ಲಿ ಅವ್ವ ನಿನ್ನ ಮೊದಲ ಕಾಗದ ಬಂದಾಗಿನಿಂದ ಅನ್ನ ಬಿಟ್ಟಿದ್ದಾಳೆ. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿದು ಬರೆಯುತ್ತಿದ್ದೇನೆ. ಪಾಪ ಬಂದರೆ ಅರ್ಧ ನಿನಗೆ.

ಬೆಳಿಗ್ಗೆ ಮನೆಯ ಗುರುಗಳಾದ ಅಡಿವೆಯ್ಯನವರ ಪಾದೋದಕ, ಸಂಜೆ ಒಂದು ಲೋಟ ಹಾಲು. ಅಷ್ಟೇ ಅವಳ ಊಟ. ಯಾಕೆ ಹೀಗೆ ಮಾಡುತ್ತೀ ಎಂದರೆ ಹೀಗೆನ್ನುತ್ತಾಳೆ: "ಅಂವ ಹೊಟ್ಟ್ಯಾಗಿದ್ದಾಗ ಎಂಟ ತಿಂಗಳಿಗೆ ಅಯ್ಯಾರು ಆ ಲಿಂಗಾ ನನ್ನ ಮೈಮ್ಯಾಲೆ ಕಟ್ಟಿದ್ರು. ಹುಟ್ಟಿದ ಮ್ಯಾಲೆ ಅವನ ಕೊರಳಿಗೆ ಹೋತು. ಮೊದಲ ಅದು ನಂದು. ಕಳಕೊಂಡಾವ ಉಂಡಾನಂದ್ರ ಉಪಾಸ ಯಾರರ ಮಾಡಬೇಕಲ್ಲ?"

ನಾನು ಆ ಪ್ರಶ್ನೆ ಕೇಳಿದ್ದು ಗಣಿತ ಕಲಿಯುವುದಕ್ಕಲ್ಲ. ನಿನ್ನ ಬಾಯಿಂದ "ಕಡಿಮೆಯಾಗುವುದಿಲ್ಲ" ಎಂದು ಬರಲಿ, ಅದನ್ನು ತೋರಿಸಿ ಅವ್ವನನ್ನು ಊಟಕ್ಕೆ ಎಬ್ಬಿಸೋಣ ಎಂದುಕೊಂಡಿದ್ದೆ. ಓದಿದೆ. ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಎತ್ತು ಕಳಕೊಂಡಾವ ಸಂತಿ ಎಣಸಾಂಗಿಲ್ಲವ್ವಾ, ತನ್ನ ಗೂಟಾ ನೋಡ್ತಾನ" ಅಂದು ಮಗ್ಗುಲಾಗಿ ಮಲಗಿದಳು.

ಅಡಿವೆಯ್ಯನವರಿಗೂ ಹೇಳಿ ನೋಡಿದೆವು. ಅವರು ಸಂಕಟಪಟ್ಟರು. "ಹಾದಿ ಐತಿ ತಾಯಿ. ಹುಡುಗ ಬರಲಿ, ಮತ್ತ ದೀಕ್ಷಾ ಕೊಟ್ಟು ಹೊಸಾ ಲಿಂಗಾ ಕಟ್ಟತೇನಿ. ಆದ್ರ ನನಗ ಬೇಕು ಅಂತ ಅಂವ ತಾನ ಬಾಯಿಬಿಟ್ಟು ಕೇಳಬೇಕು" ಎಂದರು. ಅವ್ವ ಅದಕ್ಕೆ ಒಪ್ಪಿದ್ದಾಳೆ. ನೀನು ರೈಲು ಹತ್ತಿ ಅಳ್ನಾವರಕ್ಕೆ ಬಂದುಬಿಡು. ಅಲ್ಲಿಂದ ಮನೆಯವರು ಗಾಡಿ ಕಟ್ಟಿಕೊಂಡು ಕರೆತರುತ್ತಾರೆ. ಒಂದು ದಿನದ ಕೆಲಸ.

ಅಕ್ಕ


ಪುಣೆ
೨೭ ಆಗಸ್ಟ್ ೧೯೩೭

ಅಕ್ಕನಿಗೆ ಶರಣು.

ಕಾಗದ ಓದಿ ದಿಗಿಲಾಯಿತು. ಆದರೂ ದಿಗಿಲನ್ನು ಬದಿಗಿಟ್ಟು ಯೋಚಿಸೋಣ. ಅವ್ವ ತಪ್ಪು ತರ್ಕದ ಮೇಲೆ ಉಪವಾಸ ಕುಳಿತಿದ್ದಾಳೆ. ತರ್ಕ ತಿದ್ದಿದರೆ ಉಪವಾಸ ತಾನೇ ಮುರಿಯುತ್ತದೆ.

ಮೊದಲನೆಯ ಮಾತು, ನೇಮ ಕಳೆದುಕೊಂಡವನಿಗೆ. ತಾಯಿಗೆ ಅದು ತಾಗುವುದಿಲ್ಲ. ಅವಳ ಲಿಂಗ ಅವಳ ಕೊರಳಲ್ಲಿದೆ.

ಇನ್ನೊಂದು, ಲಿಂಗ ಕಳೆದಿದೆ ಎನ್ನುವುದೇ ಸರಿಯಲ್ಲ. ಕಲ್ಲು ಕರಗುವುದಿಲ್ಲ, ಹಾರಿಹೋಗುವುದಿಲ್ಲ. ಆದ್ದರಿಂದ ಅದು ಹೊಳೆಯ ಯಾವುದೋ ಒಂದು ಜಾಗದಲ್ಲಿ ಇದ್ದೇ ಇದೆ. ಎಲ್ಲಿ ಎಂಬುದಷ್ಟೇ ತಿಳಿಯದು. ನಮ್ಮ ಗಣಿತದಲ್ಲಿ ಈಗ ಇದೇ ದೊಡ್ಡ ಜಗಳ. ಒಂದು ವಸ್ತು ಇಲ್ಲ ಎಂದುಕೊಂಡರೆ ಅಸಂಬದ್ಧವಾಗುತ್ತದೆಂದು ತೋರಿಸಿದರೆ ಸಾಕು, ಅದು ಇದೆ ಎಂದು ಸಿದ್ಧವಾಯಿತು ಎನ್ನುವವರು ಒಂದು ಪಕ್ಷ. ಅದೆಲ್ಲ ಆಗದು, ಕಟ್ಟಿ ತಂದು ಮುಂದಿಡು, ಆಮೇಲೆ ಇದೆ ಅನ್ನು ಎನ್ನುವವರು ಇನ್ನೊಂದು ಪಕ್ಷ. ನಾನು ಮೊದಲನೆಯ ಪಕ್ಷದವನು. ಎರಡನೆಯವರ ಮಾತು ಕೇಳಿದರೆ ಅನಂತದ ಅರ್ಧ ಸಂಸಾರವೇ ಬೀದಿಗೆ ಬೀಳುತ್ತದೆ. ಅವ್ವನಿಗೆ ಇದನ್ನು ನಿಧಾನವಾಗಿ ತಿಳಿಸಿ ಹೇಳು.

ಹೊಸ ದೀಕ್ಷೆಯ ಮಾತು. ಅಯ್ಯನವರ ಮುಂದೆ ಕುಳಿತು "ನನಗೆ ಬೇಕು" ಎನ್ನಬೇಕು. ನನಗೆ ಬೇಕೆನಿಸಿಲ್ಲ. ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ಬರೆದಿದ್ದೆ. ಆದರೆ ಒಂದನ್ನು ಬರೆದಿರಲಿಲ್ಲ. ಕೊರಳು ಹಗುರಾದಾಗ ನನಗೆ ದುಃಖವಾಗಲಿಲ್ಲ. ಪೂಜೆ ಬಿಟ್ಟು ಬಹಳ ಕಾಲವಾಗಿತ್ತು, ಶಿವದಾರ ಜೀರ್ಣವಾದದ್ದೂ ಅದಕ್ಕೇ. ಬೇಡದ್ದನ್ನು ಬೇಕು ಎಂದು ಆ ಹಿರಿಯರ ಮುಂದೆ ಹೇಳಲಾರೆ. ಬರುವುದಾದರೆ ಸುಮ್ಮನೆ ಮಗನಾಗಿ ಬರುತ್ತೇನೆ. ಅದಕ್ಕೆ ಅವ್ವ ಒಪ್ಪುತ್ತಾಳೆಯೇ ಕೇಳು.

ಅಂದಾನೆಪ್ಪ


ಹಳಿಯಾಳ
೧ ಸೆಪ್ಟೆಂಬರ್ ೧೯೩೭

ಅಂದಾನಿ,

ನಿನ್ನ ಎರಡೂ ಪಕ್ಷಗಳನ್ನು ಅವ್ವನಿಗೆ ಓದಿ ಹೇಳಿದೆ. ದುಃಖವಾಗಲಿಲ್ಲ ಎಂದದ್ದನ್ನು ಮಾತ್ರ ನುಂಗಿಕೊಂಡೆ. "ಹಂಗಾದ್ರ ಅವನ ಲಿಂಗಾ ಈಗ ಹೊಳಿ ಕೊರಳಾಗ ಐತಿ ಅಂದಂಗಾತು. ಊಟಾನೂ ಹೊಳೀನ ಮಾಡ್ಲಿ" ಅಂದಳು. ಬರಿಗೊರಳಲ್ಲಿ ಬರುವುದಾದರೆ ಬರುವುದೇ ಬೇಡವಂತೆ.

ನಿನ್ನೆಯಿಂದ ಹಾಲನ್ನೂ ಬಿಟ್ಟಿದ್ದಾಳೆ. ಪಾದೋದಕ ಒಂದೇ. ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಲಾರಳು. ಮನೆಯವರು ಧಾರವಾಡದಿಂದ ಡಾಕ್ಟರರನ್ನು ಕರೆತಂದರು, ಔಷಧಕ್ಕೆ ಬಾಯಿ ತೆರೆಯಲಿಲ್ಲ. ಚಿಗಳ್ಳಿಯಿಂದ ನಮ್ಮ ಸೋದರತ್ತೆ ಹೊಳೆವ್ವ ಬೈದು ಉಣ್ಣಿಸುತ್ತೇನೆಂದು ಬಂದಳು. ಸಂಜೆಯ ಹೊತ್ತಿಗೆ ತಾನೂ ಉಣ್ಣದೆ ಅಳುತ್ತ ಕುಳಿತಳು.

ತರ್ಕ ಸಾಕು. ನೀನು ದೀಕ್ಷೆ ತೆಗೆದುಕೊಳ್ಳುವುದು ಬೇಡ, ಬರುವುದೂ ಬೇಡ. "ಸಿಕ್ಕಿತು" ಎಂದು ಒಂದು ಮಾತು ಬರೆದು ಕಳಿಸು. ಅದು ಸುಳ್ಳೆಂದು ನಿನಗೂ ಗೊತ್ತಿರುತ್ತದೆ, ನನಗೂ ಗೊತ್ತಿರುತ್ತದೆ. ನಾನು ಓದುತ್ತೇನೆ, ಅವಳು ಉಣ್ಣುತ್ತಾಳೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಒಂದು ಸುಳ್ಳು ಹೇಳಿ ಒಂದು ಜೀವ ಉಳಿಸಲಾರೆಯಾ?

ಅಕ್ಕ


ಪುಣೆ
೫ ಸೆಪ್ಟೆಂಬರ್ ೧೯೩೭

ಅಕ್ಕ,

ಆಗದು. ಹಟದಿಂದ ಆಗದು ಎನ್ನುತ್ತಿಲ್ಲ, ಕೇಳು.

ನಮ್ಮ ಶಾಸ್ತ್ರದಲ್ಲಿ ಒಂದೇ ಒಂದು ಸುಳ್ಳನ್ನು ಹೊಸ್ತಿಲೊಳಗೆ ಬಿಟ್ಟುಕೊಂಡರೆ ಆಮೇಲೆ ಬೇಕಾದ್ದನ್ನೆಲ್ಲ ಸಾಧಿಸಬಹುದು. ಎರಡೂ ಎರಡೂ ಐದು ಎಂದು ಒಪ್ಪಿಕೋ. ಆಗ ಐದು ನಾಲ್ಕಕ್ಕೆ ಸಮ. ಎರಡರಿಂದಲೂ ಮೂರು ಕಳೆ, ಎರಡು ಒಂದಕ್ಕೆ ಸಮ. ಹಳಿಯಾಳ, ಜೋಯಿಡಾ ಎರಡು ಊರು, ಎರಡು ಎಂದರೆ ಒಂದು, ಆದ್ದರಿಂದ ಎರಡೂ ಒಂದೇ ಊರು. ಸಣ್ಣ ಸುಳ್ಳು, ದೊಡ್ಡ ಸುಳ್ಳು ಎಂಬುದು ಅಲ್ಲಿ ಇಲ್ಲ. ಒಂದು ಬಂದರೆ ಬಾಗಿಲೇ ಹೋಯಿತು.

ಹೊಲದಲ್ಲಿ ನಡೆಯುವವನ ಕಾಲಿಗೆ ನೆಲ ತಾಗುತ್ತದೆ. ನಾನು ನಡೆಯುವ ಕಡೆ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಅನಂತವನ್ನು ಯಾರೂ ಕಂಡಿಲ್ಲ. ಹಿಡಿದುಕೊಂಡು ನಡೆಯಲು ಇರುವುದು ಒಂದೇ, ಇದ್ದದ್ದನ್ನು ಇದ್ದಂತೆ ಹೇಳುವುದು. ನೀವು ಲಿಂಗವನ್ನು ನೆಚ್ಚಿದಂತೆ ನಾನು ಅದನ್ನು ನೆಚ್ಚಿದ್ದೇನೆ. ಅವ್ವ ತನ್ನದನ್ನು ಬಿಡಲಾರಳು ಎಂದು ನನಗೆ ತಿಳಿಯುತ್ತದೆ. ನನ್ನದನ್ನು ಬಿಡು ಎಂದು ನೀನು ಹೇಗೆ ಕೇಳುತ್ತೀ?

ನನಗೆ ಅಂಜಿಕೆಯಾಗಿದೆ, ಅಕ್ಕ. ಮೊನ್ನೆ ಹಲಗೆಯ ಮುಂದೆ ನಿಂತು ಮುಂದಿನ ಸಾಲು ಮರೆತೆ. ಹುಡುಗರು ಕಾಯುತ್ತಿದ್ದರು, ನನಗೆ ಅವ್ವ ಗೋಡೆ ಹಿಡಿದು ನಡೆಯುವುದೇ ಕಾಣುತ್ತಿತ್ತು. ರೈಲಿನ ನಿಲ್ದಾಣದವರೆಗೆ ಹೋಗಿ ಹಿಂದಿರುಗಿದೆ. ಬರಿಗೊರಳಲ್ಲಿ ಎದುರಿಗೆ ನಿಂತರೆ ಅವಳ ಉಸಿರು ಅಲ್ಲೇ ನಿಂತೀತೆಂದು ಹೆದರಿ ಹೊರಟಿಲ್ಲ.

ಅವ್ವನಿಗೆ ಇದನ್ನು ಇದ್ದಂತೆಯೇ ಓದು. ಅವ್ವಾ, ಲಿಂಗ ಸಿಕ್ಕಿಲ್ಲ. ನನ್ನ ಸಲುವಾಗಿ ಸಾಯಬೇಡ. ಉಣ್ಣು.

ಅಂದಾನೆಪ್ಪ


ಹಳಿಯಾಳ
೧೦ ಸೆಪ್ಟೆಂಬರ್ ೧೯೩೭

ಅಂದಾನಿ,

ಅವ್ವ ಉಂಡಳು.

ನಿನ್ನ ಕಾಗದ ಬುಧವಾರ ಬಂತು. ಮೊದಲು ನಾನೊಬ್ಬಳೇ ಹಿತ್ತಲಲ್ಲಿ ನಿಂತು ಓದಿದೆ. ಒಂದು ಹಾಳೆಯನ್ನು ಸೆರಗಿನಲ್ಲಿ ಸುತ್ತಿಟ್ಟು, ಇನ್ನೊಂದನ್ನು ಹಿಡಿದುಕೊಂಡು ಅವ್ವನ ಹಾಸಿಗೆಯ ಪಕ್ಕ ಕುಳಿತೆ. "ಅವ್ವಾ, ಲಿಂಗ ಸಿಕ್ಕಿತು, ಉಣ್ಣು" ಎಂದು ಗಟ್ಟಿಯಾಗಿ ಓದಿದೆ. ಹಳಿಯಾಳ, ಜೋಯಿಡಾ ಒಂದೇ ಊರಾಗುವುದಿದ್ದರೆ ಆಗಲಿ ಎಂದುಕೊಂಡೆ. ಇನ್ನೊಮ್ಮೆ ಓದು ಅಂದಳು, ಓದಿದೆ. ಇಷ್ಟೇ ಏನು ಅಂದಳು. ಇಷ್ಟೇ ಅಂದೆ. "ಅಂಬಲಿ ಮಾಡು" ಅಂದಳು. ನಾನು ಹಿಟ್ಟು ಕಲಸುವಷ್ಟರಲ್ಲಿ ಮನೆಯವರೇ ಬಂದು ಒಲೆ ಊದಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬೇರೆ ಏನನ್ನೂ ಬರೆಯುತ್ತಿರಲಿಲ್ಲ. ನಿನ್ನೆ ಅವಳು ಎದ್ದು ಒರಗಿ ಕುಳಿತಳು. ನನ್ನನ್ನು ಕರೆದು, "ಗುರುಸಿದ್ದಿ, ಲಿಂಗಾ ಸಿಕ್ಕಿಲ್ಲ. ಅಂದಾನಿ ಸುಳ್ಳ ಬರದಾನ" ಅಂದಳು. ಹಾಗ್ಯಾಕೆ ಅನ್ನುತ್ತೀ ಎಂದೆ.

"ಖರೇನ ಸಿಕ್ಕಿದ್ರ ಅಂವ ಒಂದ ಸಾಲಿಗೆ ಬಿಡತಿದ್ದನೇನು? ಹ್ಯಾಂಗ ಸಿಕ್ತು, ಯಾಕ ಸಿಕ್ತು, ಸಿಗದಿದ್ರ ಏನಾಗತಿತ್ತು ಅಂತ ನಾಕ ಹಾಳಿ ತುಂಬಸತಿದ್ದ. ಸಣ್ಣಾಂವ ಇದ್ದಾಗ ಬೆಲ್ಲಾ ಕದ್ದ ತಿಂದು, ಬಾಯಿ ಒರಸಿಕೊಳ್ಳೂಕಿಂತ ಮೊದಲ ಬಂದು ನನ್ನ ಮುಂದ ಹೇಳತಿದ್ದ. ಬಡಿತಾರ ಅಂತ ಗೊತ್ತಿದ್ರೂ ಹೇಳತಿದ್ದ. ಅಂಥಾಂವ ನನ್ನ ಸಲುವಾಗಿ ಸುಳ್ಳಾಡ್ಯಾನ. ಲಿಂಗಾ ಹೋದ್ರ ಹೋಗಲಿ ಬಿಡು. ಮಗಾ ನನಗ ಸಿಕ್ಕ."

ಹೀಗೆಂದು ಅತ್ತಳು. ಅಪ್ಪ ಹೋದಾಗಲೂ ಅವಳು ನನ್ನ ಮುಂದೆ ಅತ್ತಿರಲಿಲ್ಲ. ಆಮೇಲೆ ರೊಟ್ಟಿ ಕೇಳಿದಳು.

ಆ ಸುಳ್ಳು ನಿನ್ನದಲ್ಲ, ನನ್ನದು ಎಂದು ಹೇಗೆ ಹೇಳಲಿ? ನೀನು ಆಗದು ಎಂದು ಬರೆದಿದ್ದೀ ಎಂದು ಹೇಗೆ ಹೇಳಲಿ? ಅವಳು ಈಗ ಉಣ್ಣುತ್ತಿರುವುದು ನಿನ್ನ ಲಿಂಗದ ಮೇಲಲ್ಲ, ನಿನ್ನ ಸುಳ್ಳಿನ ಮೇಲೆ. ಅದನ್ನು ನೀನು ಹೇಳಿಯೇ ಇಲ್ಲ.

ಈಗ ಅವಳಿಗೆ ಲಿಂಗ ಸಿಕ್ಕಿತೆಂದು ತನ್ನ ಹೆಸರಿಗೇ ಬರೆದ ಕಾಗದ ಬೇಕಂತೆ, ನಿನ್ನದೇ ಕೈಯದು. ಅದನ್ನು ಅಡಿವೆಯ್ಯನವರ ಬಾಯಿಂದ ಓದಿಸಿ ಓಣಿಯವರಿಗೆಲ್ಲ ಕೇಳಿಸುತ್ತಾಳಂತೆ. ಟಪಾಲಿನವನಿಗೂ ಹೇಳಿಟ್ಟಿದ್ದಾಳೆ, ಕಾಗದವನ್ನು ನೇರವಾಗಿ ಅಯ್ಯನವರಿಗೆ ಕೊಡು ಎಂದು. ನಾನು ಈ ಸಲ ಒಂದಕ್ಷರವನ್ನೂ ತಿದ್ದಲಾರೆ. ಅವರು ಇದ್ದದ್ದನ್ನು ಇದ್ದಂತೆ ಓದುವವರು, ನಿನ್ನ ಹಾಗೆಯೇ.

ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಒಮ್ಮೆ ಹೇಳಿ ಸಾಕಾಗಿದೆ. ನನ್ನ ಮೇಲಿನ ಸಿಟ್ಟನ್ನು ನನಗೇ ಬೇರೆ ಕಾಗದದಲ್ಲಿ ಬರೆ, ಅವಳ ಕಾಗದದಲ್ಲಿ ಬೇಡ.

ಅಕ್ಕ


ಪುಣೆ
೧೪ ಸೆಪ್ಟೆಂಬರ್ ೧೯೩೭

ಅವ್ವನ ಪಾದಗಳಿಗೆ ಅಂದಾನಿಯ ಶರಣು.

ಲಿಂಗ ಸಿಕ್ಕಿದೆ, ಅವ್ವಾ. ಇದನ್ನು ಬರೆಯುವಾಗ ನನ್ನ ಎದೆಯ ಮೇಲಿದೆ. ದಸರೆಗೆ ಊರಿಗೆ ಬರುತ್ತೇನೆ.

ಯಾರಾದರೂ ಸಾಕ್ಷಿ ಕೇಳಿದರೆ, ನನ್ನ ಮಗ ಸುಳ್ಳಾಡುವವನಲ್ಲ ಎಂದು ಹೇಳು.